ಆರ್ಗನಿಗೊಬ್ಬರು, ಗಂಟೆಗೊಬ್ಬರು

ಮೇ ತಿಂಗಳು ಹತ್ತಿರ ಬಂತೆಂದರೆ ನಮ್ಮ ಸಿ.ಎಸ್.ಐ. ಸಭೆಗಳಲ್ಲಿ ಒಂದೇ ಮಾತು. ನಮ್ಮ ಪಾದ್ರಿ ಅಯ್ಯನವರಿಗೆ ಈ ಸಲ ಟ್ರಾನ್ಸ್‌ಫರ್ ಉಂಟಾ? ಬರುವವರು ಯಾರಂತೆ? ಪ್ರಸಂಗ ಉದ್ದವೋ ಗಿಡ್ಡವೋ? ಮೀನು ಮಾರ್ಕೆಟಿನಲ್ಲಿ ಸಿಕ್ಕಿದರೂ ಅದೇ, ಮದುವೆ ಊಟಕ್ಕೆ ಕೂತರೂ ಅದೇ. ಆದರೆ ಮಾರಾಯ್ರೇ, ಅದು ನಮ್ಮ ಕೈಯಲ್ಲಿ ಇಲ್ಲವಲ್ಲ! ಅಯ್ಯನವರನ್ನು ಕಳಿಸುವವರು ಬಿಷಪರು. ಮಂಗಳೂರಿನಿಂದ ಒಂದು ಕಾಗದ ಬರುತ್ತದೆ, ಟೆಂಪೋಗೆ ಕಪಾಟು, ಮಂಚ, ಪುಸ್ತಕದ ಪೆಟ್ಟಿಗೆ ಹೇರಿ ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ನಾವು ಹಾರ ಹಾಕಿ ಕಳಿಸಿಕೊಡುವುದು, ಹಾರ ಹಾಕಿ ಬರಮಾಡಿಕೊಳ್ಳುವುದು, ಅಷ್ಟೆ. ನಮ್ಮ ಕೈಯಲ್ಲಿ ಇರುವುದು ಬೇರೆಯವರ ವಿಷಯ. ಆರ್ಗನ್ ನುಡಿಸುವವರು, ಗಂಟೆ ಹೊಡೆದು ಬಾಗಿಲು ತೆರೆಯುವ ಸೆಕ್ಸ್‌ಟನ್, ಆಫೀಸಿನಲ್ಲಿ ಕೂತು ರಶೀದಿ ಬರೆಯುವವರು. ಅಯ್ಯನವರು ಕೆಲವು ವರ್ಷ ಇದ್ದು ಹೋಗುತ್ತಾರೆ. ಇವರು ಒಳ್ಳೆಯವರು ಸಿಕ್ಕಿದರೆ ಒಂದು ತಲೆಮಾರು ಇರುತ್ತಾರೆ. ಹಾಗಾದರೆ ಯಾರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು, ನೀವೇ ಹೇಳಿ?

ಈಗ ನಮ್ಮಲ್ಲಿ ಎರಡು ಜಾಗ ಖಾಲಿ ಬಿದ್ದಿದೆ, ನಿಮಗೂ ಗೊತ್ತುಂಟಲ್ಲ. ಆರ್ಗನಿಸ್ಟ್ ಮಗಳ ಬಾಣಂತನಕ್ಕೆಂದು ಪುಣೆಗೆ ಹೋದವರು ಅಲ್ಲೇ ಉಳಿದರು. ಸೆಕ್ಸ್‌ಟನಿಗೆ ವಯಸ್ಸಾಯಿತು. ಸಭಾ ಸಮಿತಿಯಲ್ಲಿ ಈ ವಿಷಯ ಬರುವುದು ಯಾವಾಗ? ಕಾಂಪೌಂಡ್ ಗೋಡೆಯ ಎಸ್ಟಿಮೇಟ್ ಆಗಿ, ಸುಗ್ಗಿ ಹಬ್ಬದ ಏಲಂ ಲೆಕ್ಕ ಆಗಿ, ಚರ್ಚ್ ಹಾಲಿನ ಬಾಡಿಗೆ ಎಷ್ಟು ಏರಿಸುವುದು ಎಂಬ ಚರ್ಚೆಯೂ ಮುಗಿದು, ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ. "ಯಾರಾದರೂ ಇದ್ದರೆ ನೋಡುವ" ಅಂತ ಒಬ್ಬರು, "ನಮ್ಮ ಭಾವನ ಮಗ ಒಬ್ಬ ಇದ್ದಾನೆ" ಅಂತ ಇನ್ನೊಬ್ಬರು. ಭಾವನ ಮಗನಿಗೆ ಕೀಬೋರ್ಡ್ ಬರುತ್ತದಾ ಎಂದರೆ, ಕಲಿತಾನಂತೆ.

ನುಡಿಸುವವರು ಊರಲ್ಲಿ ಇಲ್ಲ ಅಂತಲ್ಲ. ಮಂಗಳೂರು, ಉಡುಪಿ ಕಡೆ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗೆ ಕೂತು ಗ್ರೇಡ್ ಮೇಲೆ ಗ್ರೇಡ್ ಪಾಸು ಮಾಡುತ್ತಾರೆ. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಿರುತ್ತಾರೆ. ಆದರೆ ಪರೀಕ್ಷೆಗೆ ನುಡಿಸುವುದು ಬೇರೆ, ಸಭೆಗೆ ನುಡಿಸುವುದು ಬೇರೆ, ಅಲ್ವಾ? ಸಭೆಯಲ್ಲಿ ಎದುರಿನ ಬೆಂಚಿನ ಅಜ್ಜಿಯಂದಿರು ಪ್ರತಿ ಸಾಲಿನ ಕೊನೆಗೆ ಒಂದು ಉಸಿರು ಹೆಚ್ಚು ತೆಗೆದುಕೊಳ್ಳುತ್ತಾರೆ. ಬಾಲ್ಕನಿಯ ಹುಡುಗರು ಅರ್ಧ ಮಾತ್ರೆ ಮುಂದೆ ಓಡುತ್ತಾರೆ. ಇವರಿಬ್ಬರನ್ನೂ ಹಿಡಿದು ಒಂದೇ ದಾರಿಯಲ್ಲಿ ನಡೆಸಬೇಕು. ಬಾಸೆಲ್ ಮಿಷನಿನವರು ತಂದ ಜರ್ಮನ್ ರಾಗಗಳು ಗೊತ್ತಲ್ಲ, ಅವಕ್ಕೆ ಕನ್ನಡದ ಮಾತು ಕೂರಿಸಿದ ಸಂಗೀತಗಳಲ್ಲಿ ಎಲ್ಲೋ ಒಂದು ಕಡೆ ಮಾತು ಉದ್ದ, ರಾಗ ಗಿಡ್ಡ. ಅಲ್ಲಿ ಹೇಗೆ ಎಳೆಯಬೇಕೆಂದು ಪುಸ್ತಕದಲ್ಲಿ ಬರೆದಿಲ್ಲ. ಸಭೆಯ ಬಾಯಲ್ಲಿದೆ. ಅದನ್ನು ಕಿವಿಗೊಟ್ಟು ಕಲಿಯುವ ತಾಳ್ಮೆ ಇದ್ದವರೇ ನಮಗೆ ಬೇಕಾದವರು.

ಹಾಗಾಗಿ ನಾನು ಹೇಳುವುದು, ಬಂದವರನ್ನು ಮೇಜಿನ ಎದುರು ಕೂರಿಸಿ ತಂದೆಯ ಹೆಸರು, ಊರು ಕೇಳುವುದು ಬಿಟ್ಟು, ಒಂದು ಆದಿತ್ಯವಾರ ಆರಾಧನೆಗೆ ನುಡಿಸಲು ಬಿಡಿ. ಆದರೆ ಬಿಟ್ಟಿಯಾಗಿ ಬೇಡ, ಆ ದಿನದ ದುಡ್ಡು ಕೊಡಬೇಕು. ಮಧ್ಯದಲ್ಲಿ ಅಯ್ಯನವರು ಒಂದು ಚರಣ ಬಿಟ್ಟು ಮುಂದಿನದಕ್ಕೆ ಹಾರಿದರೆ ಏನು ಮಾಡುತ್ತಾರೆ ನೋಡಿ. ಕಾಣಿಕೆ ಎತ್ತುವುದು ಮುಗಿಯುವ ಮೊದಲೇ ಹಾಡು ಮುಗಿದರೆ ಸುಮ್ಮನೆ ಕೂರುತ್ತಾರಾ, ಮೆಲ್ಲಗೆ ಏನಾದರೂ ನುಡಿಸುತ್ತಾ ಇರುತ್ತಾರಾ? ಮರಣದ ಮನೆಯಲ್ಲಿ ಹಾಡುವ ಸಂಗೀತವನ್ನು ಒಂದು ಸ್ವರ ಕೆಳಗಿಳಿಸಿ ನುಡಿಸಿ ಎಂದು ಕೇಳಿ. ದುಃಖದಲ್ಲಿ ಇರುವವರ ಗಂಟಲು ಮೇಲಕ್ಕೆ ಏರುವುದಿಲ್ಲ. ಕೇಳುವ ಮೊದಲೇ ಅದು ಹೊಳೆದು ತಾನಾಗಿ ಇಳಿಸಿದರೆ ಮಾತ್ರ, ಅಂಥವರನ್ನು ಬಿಡಬೇಡಿ.

ಜರ್ಮನ್ ರಾಗ ಅಂದದ್ದಕ್ಕೆ ನೆನಪಾಯಿತು. ಈ ಹುಡುಕಾಟದ ಫಜೀತಿ ನಮಗೆ ಮಾತ್ರ ಅಲ್ಲ ನೋಡಿ. 1722ರಲ್ಲಿ ಲೈಪ್‌ಜಿಗ್ ಪಟ್ಟಣದಲ್ಲಿ ಸೇಂಟ್ ಥಾಮಸ್ ಶಾಲೆಯ ಕ್ಯಾಂಟರ್ ಕುಹ್ನೌ ತೀರಿಕೊಂಡ. ಆ ಕ್ಯಾಂಟರನೇ ಊರಿನ ಮುಖ್ಯ ಚರ್ಚುಗಳ ಸಂಗೀತವನ್ನೂ ನೋಡಿಕೊಳ್ಳಬೇಕು. ಪಟ್ಟಣದ ಕೌನ್ಸಿಲಿನವರು ಮೊದಲು ಟೆಲೆಮನ್‌ನನ್ನು ಕರೆದರು. ಅವನು ಆಗ ಹ್ಯಾಂಬರ್ಗಿನಲ್ಲಿದ್ದ. ಲೈಪ್‌ಜಿಗ್‌ನವರು ಕರೆಯುತ್ತಿದ್ದಾರೆ ಎಂದು ಹ್ಯಾಂಬರ್ಗಿನವರಿಗೆ ತೋರಿಸಿ ಸಂಬಳ ಏರಿಸಿಕೊಂಡು ಅಲ್ಲೇ ಉಳಿದ. ಆಮೇಲೆ ಗ್ರೌಪ್ನರ್ ಎಂಬವನನ್ನು ಕರೆದರು. ಅವನ ದೊರೆ ಬಿಡಲೇ ಇಲ್ಲ, ಅವನಿಗೂ ಸಂಬಳ ಏರಿಸಿದ. ಕೊನೆಗೆ ಉಳಿದ ಅಭ್ಯರ್ಥಿಗಳಲ್ಲಿ ಒಬ್ಬನನ್ನು 1723ರ ಏಪ್ರಿಲಿನಲ್ಲಿ ಆರಿಸಿದರು. ಆ ಸಂದರ್ಭದಲ್ಲಿ ಕೌನ್ಸಿಲಿನ ಪ್ಲಾಟ್ಸ್ ಎಂಬವರು, ಉತ್ತಮರು ಸಿಗದ ಮೇಲೆ ಮಧ್ಯಮದವರನ್ನೇ ತೆಗೆದುಕೊಳ್ಳಬೇಕಷ್ಟೆ ಎಂಬ ಅರ್ಥದ ಮಾತು ಹೇಳಿದ್ದು ದಾಖಲೆಯಲ್ಲಿ ಉಳಿದಿದೆ. ಆರಿಸಿದ್ದು ಯಾರನ್ನು ಅಂತೀರಿ? ಯೋಹಾನ್ ಸೆಬಾಸ್ಟಿಯನ್ ಬಾಖ್‌ನನ್ನು!

ಆ ಕೆಲಸದ ಒಪ್ಪಂದದಲ್ಲಿ ಏನೇನು ಬರೆದಿತ್ತು ಗೊತ್ತಾ? ಮೇಯರರ ಅನುಮತಿ ಇಲ್ಲದೆ ಊರು ಬಿಟ್ಟು ಹೋಗಬಾರದು. ಚರ್ಚಿನ ಸಂಗೀತ ತುಂಬ ಉದ್ದ ಆಗಬಾರದು, ನಾಟಕದ ಸಂಗೀತದ ಹಾಗೆ ಇರಬಾರದು. ಹುಡುಗರಿಗೆ ಲ್ಯಾಟಿನ್ ಪಾಠ ಬೇರೆ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಬಾಖ್ ತನ್ನ ಕೈಯಿಂದ ದುಡ್ಡು ಕೊಟ್ಟು ಆ ಪಾಠಕ್ಕೆ ಬೇರೆಯವರನ್ನು ಇಟ್ಟುಕೊಂಡ. 1750ರಲ್ಲಿ ಸಾಯುವವರೆಗೂ ಅದೇ ಕೆಲಸದಲ್ಲಿದ್ದ, ಮೇಲಿನವರ ಜೊತೆ ಆಗಾಗ ಜಟಾಪಟಿಯೂ ಇತ್ತು. ಕೌನ್ಸಿಲಿನವರು ಕೆಟ್ಟವರೇನಲ್ಲ. ಅವರಿಗೆ ಒಬ್ಬ ಮೇಷ್ಟ್ರು ಬೇಕಿತ್ತು, ಬಂದದ್ದು ಸಂಗೀತಗಾರ. ಯಾವ ಕೆಲಸಕ್ಕೆ ಜನ ಬೇಕು ಎನ್ನುವುದನ್ನು ಮೊದಲು ತಮ್ಮೊಳಗೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಎಂಥವರು ಬಂದರೂ ಇಬ್ಬರಿಗೂ ಕಿರಿಕಿರಿಯೇ. ನಮ್ಮಲ್ಲೂ ಆರ್ಗನಿಸ್ಟ್ ಬೇಕು ಅಂತೇವೆ, ಆಮೇಲೆ ಕ್ವಾಯರಿಗೆ ಕಲಿಸಬೇಕು, ಸಂಡೇ ಸ್ಕೂಲಿನ ಕ್ರಿಸ್ಮಸ್ ಹಾಡು ಕಲಿಸಬೇಕು, ಸೌಂಡ್ ಸಿಸ್ಟಮ್ ನೋಡಿಕೊಳ್ಳಬೇಕು, ಮದುವೆಗೆ ಬರಬೇಕು ಅಂತ ಒಂದೊಂದಾಗಿ ಪಟ್ಟಿ ಬೆಳೆಸುತ್ತೇವೆ. ಅದನ್ನೆಲ್ಲ ಮೊದಲ ದಿನವೇ ಕಾಗದದಲ್ಲಿ ಬರೆದರೆ ಬರುವವರಿಗೂ ಒಂದು ಅಂದಾಜು ಸಿಗುತ್ತದಲ್ಲ.

ಇನ್ನೊಂದು ಉಂಟು, ಕೇಳಿದರೆ ನಗುತ್ತೀರಿ. ಅದೇ ಜರ್ಮನಿಯ ಉತ್ತರದಲ್ಲಿ ಲ್ಯೂಬೆಕ್ ಅಂತ ಊರು. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಬುಕ್ಸ್ಟೆಹೂಡೆ ಎಂಬ ಬಹಳ ದೊಡ್ಡ ಆರ್ಗನಿಸ್ಟ್. ಅವನಿಗೆ ವಯಸ್ಸಾಯಿತು, ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂತು. 1703ರಲ್ಲಿ ಹ್ಯಾಂಡೆಲ್, ಆಗಿನ್ನೂ 18 ವರ್ಷದ ಹುಡುಗ, ಗೆಳೆಯ ಮ್ಯಾಥೆಸನ್ ಜೊತೆ ಬಂದು ನೋಡಿದ. ಆರ್ಗನ್ ಚೆನ್ನಾಗಿತ್ತು, ಊರೂ ಚೆನ್ನಾಗಿತ್ತು. ಆದರೆ ಕೆಲಸದ ಜೊತೆಗೆ ಒಂದು ಷರತ್ತು: ಬುಕ್ಸ್ಟೆಹೂಡೆಯ ಮಗಳನ್ನು ಮದುವೆ ಆಗಬೇಕು! ಇಬ್ಬರೂ ಬಂದ ದಾರಿ ಹಿಡಿದರು. ಎರಡು ವರ್ಷದ ಮೇಲೆ ಬಾಖ್ ಕೂಡ ಬುಕ್ಸ್ಟೆಹೂಡೆಯ ಸಂಗೀತ ಕೇಳಲೆಂದು ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಹೋದ. ನಾಲ್ಕು ವಾರದ ರಜೆ ಕೇಳಿ ಹೋದವನು ತಿಂಗಳುಗಟ್ಟಲೆ ಇದ್ದು ಬಂದು ತನ್ನ ಚರ್ಚಿನ ಹಿರಿಯರ ಹತ್ತಿರ ಚೆನ್ನಾಗಿ ಬೈಸಿಕೊಂಡ. ಅವನೂ ಆ ಮಗಳನ್ನು ಮದುವೆ ಆಗಲಿಲ್ಲ. ಕೊನೆಗೆ 1707ರಲ್ಲಿ ಬುಕ್ಸ್ಟೆಹೂಡೆ ತೀರಿಕೊಂಡ ಮೇಲೆ ಶೀಫರ್‌ಡೆಕರ್ ಎಂಬವನು ಮದುವೆಯೂ ಆದ, ಕೆಲಸವನ್ನೂ ಪಡೆದ. ಬುಕ್ಸ್ಟೆಹೂಡೆ ತಾನೇ 1668ರಲ್ಲಿ ತನಗಿಂತ ಹಿಂದಿನ ಆರ್ಗನಿಸ್ಟನ ಮಗಳನ್ನು ಕಟ್ಟಿಕೊಂಡವನು.

ಮೇಲ್ನೋಟಕ್ಕೆ ಇದು ಮನೆಅಳಿಯನ ತಮಾಷೆಯ ಹಾಗೆ ಕಾಣುತ್ತದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಆರ್ಗನಿಸ್ಟ್ ಸತ್ತರೆ ಅವನಿಗೆ ಚರ್ಚು ಕೊಟ್ಟ ಮನೆ ಹೋಗುತ್ತದೆ, ಸಂಬಳ ಹೋಗುತ್ತದೆ, ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ. ಬರುವವನು ಆ ಮನೆಯವರನ್ನೂ ನೋಡಿಕೊಳ್ಳಲಿ ಎಂಬುದೇ ಆ ಷರತ್ತಿನ ಒಳಗಿನ ಸಂಕಟ. ಆ ಹುಡುಗಿಯನ್ನು ನೆನೆದರೆ ನನಗೆ ಪಾಪ ಅನಿಸುತ್ತದೆ. ಬಂದವರೆಲ್ಲ ಆರ್ಗನ್ ನೋಡಿ, ಅವಳನ್ನು ನೋಡಿ, ಹೊರಟು ಹೋದರೆ ಅವಳಿಗೆ ಹೇಗಾಗಿರಬೇಡ?

ಇರಲಿ, ನಮ್ಮ ಸೆಕ್ಸ್‌ಟನ್ ವಿಷಯಕ್ಕೆ ಬರುವ. ನಾನು ಸಣ್ಣವಳಿರುವಾಗ ನಮ್ಮ ತಾಯಿಯ ಊರಿನ ಚರ್ಚಿನಲ್ಲಿ ಒಬ್ಬರಿದ್ದರು. ಹೆಸರು ಬೇಡ, ಎಲ್ಲರೂ ಬಾಪು ಅಂತಲೇ ಕರೆಯುವುದು. ಅವರ ಸೊಂಟದಲ್ಲಿ ಒಂದು ಕೀಗೊಂಚಲು. ದೊಡ್ಡ ಬಾಗಿಲಿನದು ಕೈಯಷ್ಟು ಉದ್ದ, ಕಾಣಿಕೆ ಪೆಟ್ಟಿಗೆಯದು ಕಿರುಬೆರಳಷ್ಟು. ಕತ್ತಲೆಯಲ್ಲೂ ಬೆರಳಲ್ಲಿ ತಡವಿ ಸರಿಯಾದ ಕೀಯನ್ನೇ ತೆಗೆಯುವರು. ಆಗ ಅಲ್ಲಿ ಕಾಲಿನಿಂದ ತಿದಿ ಒತ್ತುವ ಹಳೆಯ ಆರ್ಗನ್. ಮಳೆಗಾಲದಲ್ಲಿ ಅದರ ಗತಿ ನಿಮಗೆ ಹೇಳಬೇಕಾ? ಮರ ಉಬ್ಬಿ ಮನೆಗಳು ಒತ್ತಿದರೆ ಮೇಲೆ ಏಳುವುದಿಲ್ಲ, ತಿದಿಯ ಬಟ್ಟೆಯನ್ನು ಇಲಿ ಕಡಿಯುತ್ತದೆ. ಬಾಪು ಜೂನ್ ಶುರುವಾಗುವ ಮೊದಲೇ ಆರ್ಗನಿನ ಒಳಗೆ ಒಂದು ಸಣ್ಣ ಬಲ್ಬು ಉರಿಸಿ ಇಡುತ್ತಿದ್ದರು, ಒಳಗೆ ಬೆಚ್ಚಗಿರಲಿ ಅಂತ. ನುಸಿಗುಳಿಗೆ ಒಂದು ಮೂಲೆಗೆ. ಮೇಲೆ ಹಳೆಯ ಕಂಬಳಿ. ಹಂಚಿನ ಮಾಡಿನಲ್ಲಿ ಎಲ್ಲೆಲ್ಲಿ ಸೋರುತ್ತದೆ ಅಂತ ಅವರಿಗೆ ಬಾಯಿಪಾಠ. ದಡಬಡ ಮಳೆ ಬಂದರೆ ಪ್ರಸಂಗದ ಮಧ್ಯದಲ್ಲೇ ಬರಿಗಾಲಲ್ಲಿ ಸದ್ದಿಲ್ಲದೆ ಬಂದು ಬಾಲ್ದಿ ಇಟ್ಟು ಹೋಗುವರು. ಬಾಲ್ದಿಯ ತಳಕ್ಕೆ ಒಂದು ಹಳೆ ಬೈರಾಸು ಹಾಸಿರುತ್ತಿದ್ದರು, ಟಣ್ ಟಣ್ ಎಂದು ಸದ್ದಾಗಬಾರದಲ್ಲ!

ಯಾರಾದರೂ ತೀರಿಕೊಂಡರೆ ಅವರು ಗಂಟೆ ಹೊಡೆಯುವ ಕ್ರಮವೇ ಬೇರೆ. ಒಂದು ಹೊಡೆತ, ಅದು ಪೂರ್ತಿ ಅಡಗುವವರೆಗೆ ಕಾಯುವುದು, ಆಮೇಲೆ ಇನ್ನೊಂದು. ನನ್ನ ಅಜ್ಜಿ ಒಲೆ ಮುಂದೆ ಕೂತಲ್ಲೇ ಕೇಳಿ ಸೆರಗು ತಲೆ ಮೇಲೆ ಎಳೆದುಕೊಳ್ಳುವರು. ಈಗ ಎಷ್ಟೋ ಕಡೆ ಸ್ವಿಚ್ ಒತ್ತಿದರೆ ಗಂಟೆ ಬಡಿಯುತ್ತದೆ, ಅದೂ ಒಳ್ಳೆಯದೇ, ಹಗ್ಗ ಎಳೆದು ಹೆಗಲು ಹೋಗುವುದಿಲ್ಲ. ಆದರೆ ಸತ್ತವರು ಯಾರು, ಮನೆ ಎಲ್ಲಿ, ಗುಂಡಿ ತೆಗೆಯಲು ಯಾರಿಗೆ ಹೇಳಬೇಕು, ಪೆಟ್ಟಿಗೆ ಒಳಗೆ ತರುವಾಗ ಯಾವ ಬೆಂಚು ಸರಿಸಬೇಕು ಎನ್ನುವುದು ಸ್ವಿಚ್ಚಿಗೆ ಗೊತ್ತಿರುವುದಿಲ್ಲವಲ್ಲ. ಚರ್ಚಿನ ಮೆಟ್ಟಿಲು ಹತ್ತುವ ಹೊಸಬರಿಗೆ ಮೊದಲು ಕಾಣುವುದು ಅಯ್ಯನವರ ಮುಖ ಅಲ್ಲ, ಇವರ ಮುಖ. ಮನಸ್ಸು ಮುರಿದು ವಾರದ ದಿನ ಮಧ್ಯಾಹ್ನ ಒಬ್ಬರೇ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರು ಇರುತ್ತಾರೆ. ಅವರನ್ನು "ಏನು ಬೇಕಿತ್ತು?" ಅಂತ ಗದರಿಸುವವರು ನಮಗೆ ಬೇಡ. ಫ್ಯಾನು ಹಾಕಿ, ಬಾಗಿಲು ಅರ್ಧ ಮುಂದೆ ಮಾಡಿ, ತಮ್ಮ ಪಾಡಿಗೆ ಹೊರಗೆ ಕಸ ಗುಡಿಸುವವರು ಬೇಕು. ಇದನ್ನು ಯಾವ ಸಂದರ್ಶನದಲ್ಲಿ ಕಂಡುಹಿಡಿಯುತ್ತೀರಿ? ಆರು ತಿಂಗಳು ಜೊತೆಗಿದ್ದೇ ನೋಡಬೇಕು. ಅದಕ್ಕೇ ಮೊದಲು ಆರು ತಿಂಗಳ ಆರ್ಡರ್ ಕೊಟ್ಟು, ಮಧ್ಯೆ ಒಮ್ಮೆ ಕೂರಿಸಿ ಮಾತಾಡಿ, ಆಮೇಲೆ ಖಾಯಂ ಮಾಡುವುದು ಒಳ್ಳೆಯದು.

ನಿಮಗೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೆನಪಿದೆಯಾ? ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತ್ತು. ಆಗ ಏಳು ಮಂದಿಯನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ ಅಂತ ಪಟ್ಟಿ ಹೋಗುತ್ತದೆ. ಹೆಸರು ನೋಡಿ, ಏಳಕ್ಕೆ ಏಳೂ ಗ್ರೀಕ್ ಹೆಸರು! ಅನ್ಯಾಯ ಆಗಿದೆ ಎಂದವರ ಕಡೆಯವರ ಕೈಗೇ ಸೌಟು ಕೊಟ್ಟರು ಅಂತ ನನಗೆ ಕಾಣುತ್ತದೆ. ಅದು ನನಗೆ ಬಹಳ ಹಿಡಿಸಿದ ವಿಷಯ. ನಮ್ಮಲ್ಲಿ ಆಫೀಸಿಗೆ ಜನ ತೆಗೆದುಕೊಳ್ಳುವಾಗ ನೋಡಿ, ಎದುರಿನ ಬೆಂಚಿನವರ ಪರಿಚಯದವರೇ ಬರುತ್ತಾರೆ. ಬಡ್ಡಿ ಸಾಲದಲ್ಲಿ ಮುಳುಗಿದವರು, ಮೆಡಿಕಲ್ ಸಹಾಯಕ್ಕೆ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರು ಅಲ್ಲಿ ಕೂತವರ ಮುಖ ನೋಡಿಯೇ ವಾಪಸು ಹೋಗುತ್ತಾರೆ. ಅಂಥವರ ಮನೆಯ ಕಷ್ಟ ಗೊತ್ತಿದ್ದ ಒಬ್ಬ ಹುಡುಗಿ ಬಿ.ಕಾಂ. ಮಾಡಿ ಕೆಲಸ ಹುಡುಕುತ್ತಿದ್ದರೆ ಅವಳನ್ನೇ ಕರೆಯಬಾರದಾ? ಟ್ಯಾಲಿ ಗೊತ್ತಿರಬೇಕು ಅಂತ ಕೇಳುತ್ತೇವೆ, ಸರಿ. ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಗೊತ್ತಾ ಎಂದೂ ವಿಚಾರಿಸಬೇಕು. ಯಾರ ಚಂದಾ ಎಷ್ಟು ಬಾಕಿ, ಯಾರಿಗೆ ಸಹಾಯ ಕೊಟ್ಟಿದೆ, ಯಾರ ಮದುವೆ ಅರ್ಜಿ ತಡೆದಿದೆ ಎಲ್ಲ ಅವರ ಕಣ್ಣೆದುರು ಇರುತ್ತದೆ.

ಅದೇ ಪುಸ್ತಕದಲ್ಲಿ, ಅಪೊಸ್ತಲನಾಗಿದ್ದ ಯೂದನ ಜಾಗಕ್ಕೆ ಆರಿಸಬೇಕಾದಾಗ ಇಬ್ಬರನ್ನು ನಿಲ್ಲಿಸಿ ಚೀಟು ಹಾಕಿದರಂತೆ, ಮತ್ತೀಯನಿಗೆ ಬಿತ್ತು. ನಾವೂ ಚೀಟು ಹಾಕುವ ಎಂದು ನಮ್ಮ ಹಿರಿಯರೊಬ್ಬರು ಹೇಳಿದ್ದುಂಟು. ಆದರೆ ಅಲ್ಲಿ ಚೀಟು ಹಾಕುವ ಮೊದಲು, ಶುರುವಿನಿಂದ ಜೊತೆಗೆ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡವರನ್ನು ಮಾತ್ರ ನಿಲ್ಲಿಸಿದ್ದರು. ಅಂಥವರನ್ನು ಹುಡುಕುವುದೇ ಹೆಚ್ಚಿನ ಕೆಲಸ.

ಬಾಸೆಲ್ ಮಿಷನಿನವರು ಇದರಲ್ಲಿ ಅವಸರ ಮಾಡಿದವರಲ್ಲ. 1834ರಲ್ಲಿ ಮಂಗಳೂರಿಗೆ ಬಂದರು, ಮುಂದೆ ಬಲ್ಮಠದಲ್ಲಿ ಸೆಮಿನರಿ ನಡೆಸಿ ಊರಿನ ಹುಡುಗರನ್ನು ತಯಾರು ಮಾಡಿದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರು ಬಾಸೆಲಿಗೇ ಹೋಗಿ ಓದಿ 1851ರಲ್ಲಿ ವಾಪಸು ಬಂದದ್ದು. ವರ್ಷಗಟ್ಟಲೆ ಒಬ್ಬರ ಮೇಲೆ ಭರವಸೆ ಇಟ್ಟು ಕಾದಿದ್ದಾರೆ. ನಾವು ಈಸ್ಟರಿನ ಒಳಗೆ ಆರ್ಗನಿಸ್ಟ್ ಸಿಗಬೇಕು ಅಂತೇವೆ. ಇರುವ ಸಂಡೇ ಸ್ಕೂಲ್ ಮಕ್ಕಳಲ್ಲೇ ಇಬ್ಬರ ಫೀಸು ಸಭೆಯೇ ಕಟ್ಟಿ ಈಗಲೇ ಕಲಿಸಿದರೆ, ಇನ್ನು ಕೆಲವು ವರ್ಷಕ್ಕೆ ಈ ಪರದಾಟ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಬರುವವರು ಮೊದಲು ಎಲ್ಲಿದ್ದರು, ಯಾಕೆ ಬಿಟ್ಟರು ಅಂತ ಆ ಊರಿನ ಅಯ್ಯನವರಿಗೆ ಫೋನ್ ಹಾಕಿ ಕೇಳಲೇಬೇಕು. "ಒಳ್ಳೆ ಮನೆಯವರು" ಎಂದರೆ ಸಾಕಾಗುವುದಿಲ್ಲ. ಚರ್ಚು ಅಂದರೆ ಮಕ್ಕಳು ಓಡಾಡುವ ಜಾಗ. ಕ್ವಾಯರ್ ಪ್ರಾಕ್ಟೀಸು, ಸಂಡೇ ಸ್ಕೂಲು, ರಜೆಯ ಬೈಬಲ್ ಶಾಲೆ ಎಂದು ತಾಯಂದಿರು ನಂಬಿ ಕಳಿಸುತ್ತಾರೆ. 2012ರ ಪೋಕ್ಸೊ ಕಾಯ್ದೆಯಲ್ಲಿ, ಧಾರ್ಮಿಕ ಸಂಸ್ಥೆಯಲ್ಲಿ ಕೆಲಸದಲ್ಲಿ ಇರುವವರೇ ಅಲ್ಲಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ ಅಪರಾಧ ಇನ್ನೂ ಗುರುತರ ಎಂದೇ ಇದೆ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೂ ತಪ್ಪು. "ಸಭೆಯ ಮಾನ" ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ನಾನಂತೂ ಕೇಳುವವಳಲ್ಲ. ಮಕ್ಕಳಿಗಿಂತ ದೊಡ್ಡ ಮಾನ ಯಾವುದು?

ಇನ್ನು ಸಂಬಳ. ಇಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ ಅಕ್ಕ. "ದೇವರ ಸೇವೆ ಅಲ್ವಾ, ಅದಕ್ಕೆಲ್ಲ ಲೆಕ್ಕ ಇಡಬಾರದು" ಎನ್ನುತ್ತಾರೆ. ದೇವರ ಸೇವೆ ಮಾಡುವವರ ಮನೆಗೆ ದೇವರ ಹೆಸರಿನಲ್ಲಿ ಗ್ಯಾಸ್ ಸಿಲಿಂಡರ್ ಬಿಟ್ಟಿ ಬರುತ್ತದಾ? ನನಗೆ ಗೊತ್ತಿದ್ದ ಒಂದು ಸಭೆಯಲ್ಲಿ ಕ್ರಿಸ್ಮಸಿಗೆ ಲೈಟಿನ ಅಲಂಕಾರಕ್ಕೆ ಖರ್ಚಾದ ದುಡ್ಡು ಸೆಕ್ಸ್‌ಟನಿನ ಹಲವು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಆ ಲೈಟುಗಳನ್ನು ಏಣಿ ಹತ್ತಿ ಕಟ್ಟಿದವರೂ ಅವರೇ. ಎಲ್ಲರಿಗೂ ಹಬ್ಬ ಇದ್ದ ದಿನ ಅವರಿಗೆ ಕೆಲಸ. 24ರ ಮಧ್ಯರಾತ್ರಿ ಆರಾಧನೆ ಮುಗಿಸಿ, ಬಾಗಿಲು ಹಾಕಿ, ಬೆಳಿಗ್ಗೆ ಪುನಃ ತೆರೆಯಬೇಕು. ಆದಿತ್ಯವಾರ ದುಡಿಯುವವರಿಗೆ ಸೋಮವಾರ ಪೂರ್ತಿ ರಜೆ ಎಂದು ಬರೆದು ಕೊಟ್ಟು, ಸೋಮವಾರ ಯಾರೂ ಅವರ ಬಾಗಿಲು ತಟ್ಟಬಾರದು. ಪಿ.ಎಫ್. ಕೇಳಿದರೆ, ಇಪ್ಪತ್ತು ಜನ ಕೆಲಸಕ್ಕೆ ಇದ್ದರೆ ಮಾತ್ರ ಕಡ್ಡಾಯ ಎಂದು ನಮ್ಮ ಟ್ರೆಜರರ್ ಹೇಳುತ್ತಾರೆ. ಅದು ಹೌದು. ಆದರೆ ಕಡಿಮೆ ಇದ್ದರೂ ಕೆಲಸಕ್ಕೆ ಇಟ್ಟವರು ಮತ್ತು ಹೆಚ್ಚಿನ ಕೆಲಸದವರು ಒಪ್ಪಿದರೆ ಸೇರಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಮನಸ್ಸು ಇರಬೇಕಷ್ಟೆ.

ಆ ಬಾಪು ಕಥೆ ಪೂರ್ತಿ ಹೇಳಲಿಲ್ಲ ನೋಡಿ. ಅವರಿಗಿದ್ದದ್ದು ಕಾಂಪೌಂಡಿನ ಒಳಗೆ, ಸ್ಮಶಾನದ ಗೇಟಿನ ಪಕ್ಕದ ಎರಡು ಕೋಣೆಯ ಮನೆ. ಜೀವಮಾನವೆಲ್ಲ ಅಲ್ಲೇ. ಕೈಕಾಲು ಸೋತ ಮೇಲೆ ಸಭೆಯವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಗ್ರೂಪ್ ಫೋಟೋ ತೆಗೆಸಿ, ಒಂದು ತಿಂಗಳಲ್ಲಿ ಮನೆ ಬಿಡಲು ಹೇಳಿದರು. ಹೊಸಬರಿಗೆ ಬೇಕಲ್ಲ, ಆ ಮಾತೂ ಸುಳ್ಳಲ್ಲ. ಅವರು ಮಗಳ ಮನೆಗೆ ಹೋದರು, ಅಳಿಯನಿಗೆ ಇಷ್ಟವಿರಲಿಲ್ಲ. ಅದಕ್ಕೇ ನಮ್ಮಲ್ಲಿ ಈಗ ಹೊಸಬರನ್ನು ತೆಗೆದುಕೊಳ್ಳುವ ಮೊದಲು, ಹೋಗುತ್ತಿರುವವರಿಗೆ ತಲೆ ಮೇಲೊಂದು ಸೂರು ಎಲ್ಲಿ ಎಂದು ಸಮಿತಿಯಲ್ಲಿ ಕೇಳಬೇಕು ಅಂತ ಇದ್ದೇನೆ. ಹೊಸಬರ ಹೆಸರಲ್ಲೂ ಮೊದಲ ತಿಂಗಳಿಂದಲೇ ಪೋಸ್ಟಾಫೀಸಿನಲ್ಲಿ ಒಂದು ಆರ್.ಡಿ. ತೆರೆದು ಸಭೆಯ ಪಾಲು ಕಟ್ಟುತ್ತಾ ಬರುವ. ನಾನು ಒಬ್ಬಳೇ ಎದ್ದು ಹೇಳಿದರೆ "ಮುಂದಿನ ಮೀಟಿಂಗಿಗೆ ನೋಡುವ" ಅಂತಾರೆ. ನಿಮ್ಮ ಯಜಮಾನರೂ ಸಮಿತಿಯಲ್ಲಿ ಇದ್ದಾರಲ್ಲ, ಗುರುವಾರದ ಮೀಟಿಂಗಿನಲ್ಲಿ ಒಂದು ಮಾತು ಅವರೂ ಸೇರಿಸಿದರೆ ಆಗುತ್ತಿತ್ತು, ಅಲ್ವಾ?